ಒಂದೇ ಲೇಔಟ್‌ನಲ್ಲಿ ಗೂಡ್ಸೂ ಪ್ಯಾಸೆಂಜರೂ

ಬೆಂಗಳೂರಿನ ಮನೆಗಳಲ್ಲಿ ಮಾಡೆಲ್ ರೈಲಿನ ಲೇಔಟ್‌ಗೆ (ಹಳಿ, ನಿಲ್ದಾಣಗಳ ಜೋಡಣೆಗೆ) ಸಿಗುವ ಜಾಗ ಹೆಚ್ಚೆಂದರೆ 10x12 ಅಡಿಯ ಒಂದು ರೂಮು. ಅದರಲ್ಲಿ ಎರಡೂ ಬಗೆಯ ಗಾಡಿ ಓಡಬೇಕಾದರೆ ತಿರುವನ್ನು ಪ್ಯಾಸೆಂಜರ್ ಬೋಗಿ ನೋಡಿ ಹಾಕಬೇಕು, ಏರನ್ನು ಗೂಡ್ಸ್ ನೋಡಿ.

ಎಚ್‌ಓ ಸ್ಕೇಲಿನಲ್ಲಿ (1:87, ಅಂದರೆ ನಿಜ ಗಾಡಿಯ 87ರಲ್ಲಿ ಒಂದು ಪಾಲು) ಎಲ್‌ಎಚ್‌ಬಿ ಬೋಗಿ (ಈಗಿನ ಎಕ್ಸ್‌ಪ್ರೆಸ್‌ಗಳ ಉದ್ದನೆಯ ಪ್ಯಾಸೆಂಜರ್ ಬೋಗಿ) ಸುಮಾರು 27 ಸೆಂ.ಮೀ. ಉದ್ದ, ಬಾಕ್ಸ್‌ಎನ್ ವ್ಯಾಗನ್ (ಕಲ್ಲಿದ್ದಲಿನಂಥ ಸರಕಿನ ತೆರೆದ ಗೂಡ್ಸ್ ಡಬ್ಬಿ) 12 ಸೆಂ.ಮೀ. ಬೋಗಿಯ ಉದ್ದದ ಮೂರು ಪಟ್ಟು ತ್ರಿಜ್ಯ ಕೊಟ್ಟರೆ ಓಟ ಸಲೀಸು. ಅಂದರೆ ಎಲ್‌ಎಚ್‌ಬಿಗೆ ಸುಮಾರು 80 ಸೆಂ.ಮೀ., ವ್ಯಾಗನ್‌ಗೆ 37 ಸಾಕು. 80ರ ತಿರುವಿನಲ್ಲೂ ಬೋಗಿಯ ನಡುಭಾಗ ಒಳಕ್ಕೆ 4-5 ಮಿ.ಮೀ., ತುದಿಗಳು ಹೊರಕ್ಕೆ ಸುಮಾರು 7 ಮಿ.ಮೀ. ಚಾಚುತ್ತವೆ. ಹಾಗಾಗಿ ಜೋಡಿ ಹಳಿಯ ನಡುವಿನ ಅಂತರ ನೇರದಲ್ಲಿ 5 ಸೆಂ.ಮೀ. ಇದ್ದರೆ ತಿರುವಿನಲ್ಲಿ 6 ಇರಲಿ. ಇಲ್ಲದಿದ್ದರೆ ಎದುರಾದ ಗಾಡಿಗಳು ಒಂದಕ್ಕೊಂದು ಉಜ್ಜುತ್ತವೆ.

12 ಅಡಿಯ ಗೋಡೆಯಲ್ಲಿ ಎರಡು ಮೂಲೆಯ ತಿರುವು, ಬದಿಯ ಅಂಚು ಕಳೆದರೆ ನೇರಕ್ಕೆ ಉಳಿಯುವುದು ಸುಮಾರು 185 ಸೆಂ.ಮೀ. ಅದನ್ನು ಪ್ಲಾಟ್‌ಫಾರಂಗೇ ಬಿಡಿ. ಆರು ಬೋಗಿ, ಒಂದು ಇಂಜಿನ್ ಅಲ್ಲಿಗೆ ಸರಿಹೋಗುತ್ತದೆ. ಪಾಯಿಂಟ್‌ಗಳು (ಹಳಿ ಕವಲೊಡೆಯುವ ಜಾಗಗಳು) ಮೂಲೆಯ ಕಡೆ ಹೋಗಲಿ. ಹನ್ನೆರಡು ಬಾಕ್ಸ್‌ಎನ್, ಬ್ರೇಕ್ ವ್ಯಾನ್ (ಬಾಲದ ಗಾರ್ಡ್ ಡಬ್ಬಿ), ಇಂಜಿನ್ ಸೇರಿದರೂ ಹೆಚ್ಚುಕಡಿಮೆ ಅಷ್ಟೇ ಉದ್ದ. ಆದರೆ ಗೂಡ್ಸ್ ಲೂಪ್ (ಬೇರೆ ಗಾಡಿಗೆ ದಾರಿ ಬಿಟ್ಟು ಗೂಡ್ಸ್ ನಿಲ್ಲುವ ಪಕ್ಕದ ಹಳಿ) ಮೂಲೆ ಸುತ್ತಿ ಹೋದರೂ ನಡೆಯುತ್ತದೆ. ಶತಾಬ್ದಿಗೆ ದಾರಿ ಬಿಟ್ಟು ನಿಂತ ಗೂಡ್ಸಿನ ಬ್ರೇಕ್ ವ್ಯಾನ್ ಮಾತ್ರ ಪಾಯಿಂಟ್ ದಾಟಿ ಪೂರ್ತಿ ಒಳಗಿರಬೇಕು. ಇದನ್ನು ಹಳಿಗೆ ಮೊಳೆ ಹೊಡೆಯುವ ಮುಂಚೆ ಗಾಡಿ ನಿಲ್ಲಿಸಿಯೇ ನೋಡಿ, ಕಾಗದದ ಲೆಕ್ಕ ನಂಬಬೇಡಿ.

ತೂಕ: ಎನ್‌ಎಂಆರ್‌ಎ (ಅಮೆರಿಕದ ಮಾಡೆಲ್ ರೈಲು ಸಂಘ) ಸೂತ್ರದಂತೆ ಪ್ರತಿ ಡಬ್ಬಿಗೆ 1 ಔನ್ಸ್, ಜೊತೆಗೆ ಉದ್ದದ ಪ್ರತಿ ಇಂಚಿಗೆ ಅರ್ಧ ಔನ್ಸ್. ಬೋಗಿಗೆ ಸುಮಾರು 180 ಗ್ರಾಂ, ವ್ಯಾಗನ್‌ಗೆ 97. ಹನ್ನೆರಡು ವ್ಯಾಗನ್‌ಗೂ ಆರು ಬೋಗಿಗೂ ತೂಕದಲ್ಲಿ ದೊಡ್ಡ ವ್ಯತ್ಯಾಸವಿಲ್ಲ, ಆದರೆ ವ್ಯಾಗನ್‌ಗಳಲ್ಲಿ ಚಕ್ರದ ಅಚ್ಚುಗಳು ಎರಡರಷ್ಟು. ಒಂದೆರಡು ಬಿಗಿಯಾಗಿ ತಿರುಗಿದರೂ ಸಾಕು, ಏರಿನಲ್ಲಿ ಇಂಜಿನ್ ಚಕ್ರ ಜಾರುತ್ತದೆ. ತಿರುವೂ ಏರನ್ನು ಹೆಚ್ಚಿಸುತ್ತದೆ. 32ನ್ನು ಇಂಚಿನ ತ್ರಿಜ್ಯದಿಂದ ಭಾಗಿಸಿದರೆ ಏರಿಗೆ ಕೂಡಬೇಕಾದ ಶೇಕಡಾ ಸಿಗುತ್ತದೆ. 80 ಸೆಂ.ಮೀ. ತಿರುವಿನ ಮೇಲಿನ ಶೇ. 2ರ ಏರು (100 ಸೆಂ.ಮೀ.ಗೆ 2 ಸೆಂ.ಮೀ. ಎತ್ತರ) ಇಂಜಿನ್ನಿಗೆ ಶೇ. 3. ಹಾಗಾಗಿ ಏರನ್ನು ಆದಷ್ಟು ನೇರದಲ್ಲಿ ಇಡಿ.

ಹಗುರವಾದ ಖಾಲಿ ವ್ಯಾಗನ್‌ಗಳು ಇಂಜಿನ್ ಹಿಂದೆಯೇ ಇದ್ದು ಭಾರದವು ಬಾಲದಲ್ಲಿದ್ದರೆ, ತಿರುವಿನಲ್ಲಿ ಎಳೆತಕ್ಕೆ ಖಾಲಿಯವು ಒಳಬದಿಗೆ ಮಗುಚುತ್ತವೆ. ಭಾರ ಮುಂದಿರಲಿ. ಬೋಗಿಗಳ ತೊಂದರೆ ಬೇರೆ. ಎಡ-ಬಲ ತಿರುವು ಬೆನ್ನುಬೆನ್ನಿಗೆ ಬಂದರೆ ಕಪ್ಲಿಂಗ್‌ಗಳು (ಬೋಗಿ ಜೋಡಿಸುವ ಕೊಂಡಿಗಳು) ಒಂದನ್ನೊಂದು ಎದುರು ದಿಕ್ಕಿಗೆ ತಳ್ಳಿ ಹಳಿ ತಪ್ಪಿಸುತ್ತವೆ. ನಡುವೆ ಒಂದು ಬೋಗಿಯುದ್ದದ ನೇರ ಹಳಿ ಹಾಕಿ.

ಎರಡನ್ನೂ ಒಂದೇ ವೇಗದಲ್ಲಿ ಓಡಿಸಿದರೆ ಆಟಿಕೆಯಂತೆ ಕಾಣುತ್ತದೆ. ನಿಜದಲ್ಲಿ ಗಂಟೆಗೆ 110 ಕಿ.ಮೀ. ಓಡುವ ಎಕ್ಸ್‌ಪ್ರೆಸ್‌ನ ಮಾಡೆಲ್ ಅದೇ ಅನುಪಾತದಲ್ಲಿ ಲೇಔಟ್‌ನ ಒಂದು ಮೀಟರ್ ದಾಟಲು ಸುಮಾರು 2.9 ಸೆಕೆಂಡ್ ಬೇಕು, 60ರ ಗೂಡ್ಸಿಗೆ 5.2. ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಥ್ರಾಟಲ್ (ವೇಗದ ಗುಂಡಿ) ಮೇಲೆ ಎರಡು ಗುರುತು ಮಾಡಿಕೊಳ್ಳಿ.