11 ಮೀನು ಕಚ್ಚಿದ ಫ್ಲೈ

ಕಳೆದ ಮೇ ತಿಂಗಳ ಒಂದು ಸಂಜೆ ಸ್ಪ್ರಿಂಗ್ ಕ್ರೀಕಿನಲ್ಲಿ ಒಂದೇ ಫ್ಲೈಗೆ 11 ಟ್ರೌಟ್ ಬಿದ್ದವು. ಫ್ಲೈ ಎಂದರೆ ಹುಕ್ಕಿಗೆ, ಅಂದರೆ ಗಾಳದ ಕೊಕ್ಕೆಗೆ, ಗರಿ, ಕೂದಲು ಕಟ್ಟಿ ಹುಳದಂತೆ ಮಾಡಿದ ನಕಲು; ಟ್ರೌಟ್ ತಣ್ಣೀರಿನ ಮೀನು. ಕೊನೆಯದನ್ನು ನೀರಿಗೆ ಬಿಟ್ಟು ನೋಡಿದರೆ ಫ್ಲೈಯ ರೆಕ್ಕೆ ಅರ್ಧ ಉದುರಿತ್ತು, ಮೈಯ ತುಪ್ಪಳ ಸವೆದು ತಾಮ್ರದ ತಂತಿ ಹೊಳೆಯುತ್ತಿತ್ತು. ಆದರೂ ಒಂದು ಸುತ್ತೂ ಬಿಚ್ಚಿರಲಿಲ್ಲ. ಅಷ್ಟು ಸಂತೋಷ ನನಗೆ ಮೀನುಗಳಿಂದಲೂ ಆಗಿರಲಿಲ್ಲ.

ನಾನಿರುವುದು ಪೆನ್ಸಿಲ್ವೇನಿಯಾದ ಸ್ಟೇಟ್ ಕಾಲೇಜ್ ಊರಿನಲ್ಲಿ. ಸ್ಪ್ರಿಂಗ್ ಕ್ರೀಕ್ ಇಲ್ಲಿಂದ ಬೆಲ್‌ಫಾಂಟ್ ಕಡೆಗೆ ಹರಿಯುವ ಸಣ್ಣ ಹೊಳೆ. ಸುಣ್ಣಕಲ್ಲಿನ ಒರತೆಗಳ ನೀರಾದ್ದರಿಂದ ಬೇಸಿಗೆಯಲ್ಲೂ ತಣ್ಣಗಿರುತ್ತದೆ. ಕಂದು ಟ್ರೌಟ್‌ಗಳು ಇಲ್ಲೇ ಮೊಟ್ಟೆಯಿಟ್ಟು ಬೆಳೆಯುತ್ತವೆ. ಹಿಡಿದ ಮೀನನ್ನು ಬಿಟ್ಟುಬಿಡಬೇಕು ಎಂಬುದು ಇಲ್ಲಿಯ ಕಾನೂನು. ಮೇ ತಿಂಗಳಲ್ಲಿ ಹೊತ್ತು ಇಳಿಯುತ್ತಿದ್ದಂತೆ ಕ್ಯಾಡಿಸ್ ಹುಳಗಳು ಏಳುತ್ತವೆ. ಹೆಂಚಿನ ಮಾಡಿನಂತೆ ರೆಕ್ಕೆಯನ್ನು ಬೆನ್ನ ಮೇಲೆ ಇಳಿಜಾರಾಗಿ ಮಡಚಿಕೊಳ್ಳುವ ಹುಳ. ನೀರಿನ ಮೇಲೆ ಮೀನುಗಳ ಊಟ ಜೋರಾಗಿ ನಡೆಯುವುದು ಹೆಚ್ಚೆಂದರೆ ಮುಕ್ಕಾಲು ಗಂಟೆ.

ಆ ಮುಕ್ಕಾಲು ಗಂಟೆಗಾಗಿಯೇ ಫ್ಲೈ ಗಟ್ಟಿಯಿರಬೇಕು. ಮೊದಮೊದಲು ಅಂಗಡಿಯಿಂದ ತಂದವನ್ನೇ ಬಳಸುತ್ತಿದ್ದೆ. ಮೂರನೆಯ ಮೀನಿಗೆ ಹ್ಯಾಕಲ್, ಅಂದರೆ ಮೈಗೆ ಸುತ್ತಿದ ಕೋಳಿಗರಿ, ತುಂಡಾಗಿ ಸುರುಳಿ ಬಿಚ್ಚಿಕೊಳ್ಳುತ್ತಿತ್ತು. ಟ್ರೌಟಿನ ಅಂಗುಳಲ್ಲೂ ನಾಲಿಗೆಯ ಮೇಲೂ ಹಲ್ಲುಗಳಿವೆ. ಕತ್ತಲಾಗುವ ಹೊತ್ತಿಗೆ ಫ್ಲೈ ಬದಲಿಸಲು 16ನೇ ನಂಬರಿನ ಪುಟ್ಟ ಹುಕ್ಕಿನ ಕಣ್ಣಿಗೆ 5ಎಕ್ಸ್ ಎಂಬ ಸಪೂರ ದಾರ ಪೋಣಿಸುತ್ತಾ ನಿಂತರೆ, ಕಾಲ ಬುಡದಲ್ಲೇ ಮೀನು ಚಳಕ್ ಎಂದು ಎದ್ದರೂ ಬರಿದೇ ನೋಡಬೇಕು. ಆ ನೋವಿಗೇ ನಾನು ಫ್ಲೈ ಕಟ್ಟುವುದನ್ನು ಕಲಿತದ್ದು.

ಕಲಿತದ್ದು ಎಲ್ಕ್ ಹೇರ್ ಕ್ಯಾಡಿಸ್, ಎಲ್ಕ್ ಎಂಬ ಜಿಂಕೆಯ ಕೂದಲನ್ನು ರೆಕ್ಕೆಯಾಗಿಸಿದ ಕ್ಯಾಡಿಸ್ ಹುಳದ ನಕಲು. ಆಲ್ ಟ್ರೋತ್ ಎನ್ನುವವರು ಇದೇ ರಾಜ್ಯದಲ್ಲಿ 1957ರಲ್ಲಿ ಮೊದಲು ಕಟ್ಟಿದ್ದು. ಅದರ ಜಾಣ್ಮೆಯೆಲ್ಲ ತಂತಿಯಲ್ಲಿದೆ. ಹುಕ್ಕಿನ ಹಿಂಬದಿಗೆ ಸಪೂರ ತಂತಿ ಕಟ್ಟಿ ಬಿಟ್ಟಿರಬೇಕು. ಮೊಲದ ತುಪ್ಪಳ ಹೊಸೆದು ಮೈ ತುಂಬಬೇಕು. ಹುಂಜದ ಕತ್ತಿನ ಗರಿಯನ್ನು ಮುಂದುಗಡೆ ಕಟ್ಟಿ ಹಿಂದಕ್ಕೆ ಐದು ಸುತ್ತು ಒಯ್ಯಬೇಕು. ಅಲ್ಲಿ ಅದರ ತುದಿಯನ್ನು ತಂತಿಯಿಂದ ಎರಡು ಸುತ್ತು ಅಮುಕಿ, ಈಗ ತಂತಿಯನ್ನು ಮುಂದಕ್ಕೆ ತರಬೇಕು. ಗರಿ ಹಿಂದಕ್ಕೆ ಹೋಗಿದೆ, ತಂತಿ ಮುಂದಕ್ಕೆ ಬರುತ್ತಿದೆ. ಹಾಗಾಗಿ ಸುತ್ತುಸುತ್ತಿಗೂ ಗರಿಯ ದಂಟಿನ ಮೇಲೆ ತಂತಿ ಅಡ್ಡ ಹಾಯುತ್ತದೆ. ಹಲ್ಲಿಗೆ ಸಿಕ್ಕಿ ದಂಟು ಒಂದು ಕಡೆ ಕಡಿದುಹೋದರೂ ಉಳಿದದ್ದು ಕದಲುವುದಿಲ್ಲ. ತಂತಿಯನ್ನು ಎಡಬಲ ಅಲುಗಾಡಿಸುತ್ತಾ ತನ್ನಿ, ಗರಿಯ ಎಳೆಗಳು ಅಡಿಗೆ ಸಿಕ್ಕಿ ಮಲಗುವುದಿಲ್ಲ.

ಕಷ್ಟವಿರುವುದು ರೆಕ್ಕೆಯಲ್ಲಿ. ಎಲ್ಕ್ ನಮ್ಮ ಕಡವೆಯ ದೂರದ ನೆಂಟ. ಅದರ ಕೂದಲೊಳಗೆ ಗಾಳಿಯಿರುತ್ತದೆ, ತೇಲಿಸಲು ಅದೂ ನೆರವಾಗುತ್ತದೆ. ಆದರೆ ದಾರ ಬಿಗಿದ ಕೂಡಲೇ ಕೊಡೆಯಂತೆ ಅರಳಿ ಹುಕ್ಕಿನ ಸುತ್ತ ಜಾರುತ್ತದೆ. ಬೆಂಕಿಕಡ್ಡಿ ದಪ್ಪದ ಹಿಡಿ ಸಾಕು. ಬುಡದ ನವಿರನ್ನು ಬಾಚಿ ತೆಗೆದು, ತುದಿ ಸಮ ಮಾಡಿ, ಬೆರಳಲ್ಲಿ ಬಿಡದೆ ಹಿಡಿದು ಎರಡು ಸುತ್ತು ಮೆತ್ತಗೆ, ಮೂರನೆಯದು ಬಿಗಿ. ತೀರ್ಥಹಳ್ಳಿಯ ಮನೆಯ ಜಗಲಿಯಲ್ಲಿ ಅಮ್ಮ ಮಲ್ಲಿಗೆ ದಂಡೆ ಕಟ್ಟುವುದನ್ನು ನೋಡಿ ಬೆಳೆದ ಕೈ ಇದು. ಬಾಳೆನಾರನ್ನು ನೆನೆಸಿಟ್ಟು, ಕುಣಿಕೆಯೊಳಗೆ ಹೂವಿನ ತೊಟ್ಟು ಕೂತ ಮೇಲಷ್ಟೇ ಎಳೆಯುತ್ತಿದ್ದಳು. "ಮೊದಲೇ ಎಳೆದರೆ ತೊಟ್ಟು ಕತ್ತರಿಸ್ತದೆ ಮಾರಾಯ" ಅನ್ನುತ್ತಿದ್ದಳು. ಹುಕ್ಕನ್ನು ಕಚ್ಚಿ ಹಿಡಿಯುವ ವೈಸಿನ ಮುಂದೆ ಕೂತಾಗಲೆಲ್ಲ ಆ ಮಾತು ಕೇಳಿಸುತ್ತದೆ. ಕೂದಲು ಇಡುವ ಮೊದಲು ದಾರದ ಹಾಸಿನ ಮೇಲೆ ಸೂಜಿಮೊನೆಯಷ್ಟು ಸೂಪರ್ ಗ್ಲೂ ಹಚ್ಚುವುದು ಮಾತ್ರ ನನ್ನ ಸೇರ್ಪಡೆ, ಅದರಿಂದ ರೆಕ್ಕೆ ತಿರುಗುವುದು ನಿಂತಿದೆ.

ಹೊಳೆಯಲ್ಲೂ ಅದನ್ನು ಕಾಪಾಡಬೇಕು. ಸುಲಭವಾಗಿ ಕಳಚಲೆಂದು ಹುಕ್ಕಿನ ತುದಿಯ ಹಿಮ್ಮುಳ್ಳನ್ನು ಮನೆಯಲ್ಲೇ ಇಕ್ಕಳದಿಂದ ಅಮುಕಿರುತ್ತೇನೆ. ಮೀನಿನ ಬಾಯಿಂದ ಬಿಡಿಸುವಾಗ ಫೋರ್ಸೆಪ್ಸ್ ಚಿಮಟ ಹುಕ್ಕಿನ ಬಾಗನ್ನು ಹಿಡಿಯಬೇಕು, ಮೈಯನ್ನಲ್ಲ. ಮೀನಿನ ಲೋಳೆ ಅಂಟಿದ ಫ್ಲೈ ಮುಳುಗುತ್ತದೆ, ಹಾಗಾಗಿ ನೀರಲ್ಲಿ ಜಾಲಿಸಿ, ಬಟ್ಟೆಯಲ್ಲಿ ಒತ್ತಿ, ಒಣಗಿಸುವ ಪುಡಿಯ ಡಬ್ಬಿಯಲ್ಲಿ ಹಾಕಿ ಕುಲುಕುತ್ತೇನೆ. ತೇಲಿಸುವ ಜೆಲ್ ಹಚ್ಚುವುದು ಒಣಗಿದ್ದಾಗ ಮಾತ್ರ, ಒದ್ದೆಯ ಮೇಲೆ ಹಚ್ಚಿದರೆ ನೀರನ್ನೇ ಒಳಗೆ ಬಂಧಿಸಿದಂತೆ. ಮೊದಲು ಸುಮ್ಮನೆ ತೇಲಿಬಿಡುತ್ತೇನೆ. ಮೀನು ಏಳದಿದ್ದರೆ ತೇಲುವಿಕೆಯ ಕೊನೆಗೆ ಗಾಳದ ಕೋಲಿನ ತುದಿಯಿಂದ ಒಂದೇ ಒಂದು ಮಿಡಿತ. ಕ್ಯಾಡಿಸ್ ಹಾಗೆಯೇ ಪಟಪಟಿಸುತ್ತದೆ, ಎಷ್ಟೋ ಸಲ ಅಲ್ಲೇ ಕಚ್ಚುತ್ತವೆ.

ಆ 11 ಮೀನಿನ ಫ್ಲೈ ಡಬ್ಬಿಯ ಮೂಲೆಯಲ್ಲಿದೆ. ಗರಿ ಸವೆದದ್ದರಿಂದ ಈಗ ನೀರಿಗೆ ಇನ್ನಷ್ಟು ತಗ್ಗಿ ಕೂರುತ್ತದೆ. ಸೇತುವೆಯ ಕೆಳಗಿನ ಸಮನೀರಿನಲ್ಲಿ ಅನುಮಾನದ ಒಂದು ದೊಡ್ಡ ಕಂದು ಟ್ರೌಟ್ ಇದೆ, ಹೊಸ ಫ್ಲೈಗಳನ್ನು ಮೂಸಿ ಹಿಂದಕ್ಕೆ ಹೋಗುತ್ತದೆ. ಈ ಮೇನಲ್ಲಿ ಅದಕ್ಕೆ ಇದನ್ನೇ ಬಿಡುತ್ತೇನೆ.