ಎಣ್ಣೆಯಿಲ್ಲದ ಎಣ್ಣೆಕೊಳ

ಅಕ್ಕನ ಮಗಳು ಚೆಕ್ ದೇಶದ ಬರ್ನೋದಲ್ಲಿ ಓದುತ್ತಾಳೆ. ರಜೆಗೆ ದಾವಣಗೆರೆಗೆ ಬಂದವಳು ಮೂರು ದಿನ ಬೆಣ್ಣೆ ದೋಸೆ ತಿಂದಳು. ನಾಲ್ಕನೇ ದಿನ ‘ಮಾಮ, ದುರ್ಗಕ್ಕೆ ಹೋಗೋಣ’ ಎಂದಳು. ಗಂಟೆ ದಾರಿ ಅಷ್ಟೇ, ಹೊರಟೆವು.

ಕೋಟೆ ಹತ್ತುವವರು ದಯವಿಟ್ಟು ಸವೆದ ಚಪ್ಪಲಿ ಹಾಕಬೇಡಿ. ನಾನು ಮದುವೆಗೆ ಹೋಗುವ ಚರ್ಮದ ಚಪ್ಪಲಿ ಮೆಟ್ಟಿಕೊಂಡು ಹೋಗಿದ್ದೆ. ಶುರುವಲ್ಲೇ ಬಂಡೆ ಮೇಲೆ ಜಾರಿ ಕೂತೆ. ನೀರಿನ ಬಾಟಲಿ ಬೇರೆ ಕಾರಿನಲ್ಲೇ ಉಳಿದಿತ್ತು. ಮಂಡಿ ಇನ್ನೂ ನೋಯುತ್ತಿದೆ.

ಓಬವ್ವನ ಕಿಂಡಿ, ಮದ್ದು ಬೀಸುವ ಕಲ್ಲು, ಅಕ್ಕ-ತಂಗಿ ಹೊಂಡ ಎಲ್ಲ ನೋಡಿದೆವು. ಎಲ್ಲರೂ ನೋಡುವುದೇ. ನಾವು ನಿಂತುಬಿಟ್ಟದ್ದು ಎಣ್ಣೆಕೊಳದ ಹತ್ತಿರ.

ನೆಲದಲ್ಲಿ ಕಲ್ಲು ಕಟ್ಟಿದ ಆಳದ ಗುಂಡಿ. ಕೋಟೆಗೆ ಬೇಕಾದ ಎಣ್ಣೆಯನ್ನು ಇದರಲ್ಲೇ ತುಂಬಿಡುತ್ತಿದ್ದರಂತೆ. ‘ಶತ್ರು ಬಂದ್ರೆ ಕಾಯಿಸಿ ಸುರೀತಿದ್ರು ಸಾರ್’ ಎಂದ ಗೈಡ್. ನನಗೆ ಅಷ್ಟು ನಂಬಿಕೆ ಬರಲಿಲ್ಲ. ದೀಪಕ್ಕೆ, ಪಂಜಿಗೆ, ಒಗ್ಗರಣೆಗೆ ಎಷ್ಟು ಬೇಕು! ಹೆಸರು ಕೇಳಿದ ಕಾಲೇಜು ಹುಡುಗರು ಕಿಸಕ್ಕನೆ ನಕ್ಕರು. ‘ಕೊಳದಷ್ಟು ಎಣ್ಣೆ ಕಣೋ ಮಚ್ಚಾ!’

ನಮ್ಮ ಹುಡುಗಿ ಮಾತ್ರ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, ಬಗ್ಗಿ, ಕಣ್ಣು ಮುಚ್ಚಿ ಮೂಸಿದಳು.

‘ಎಣ್ಣೆ ಹೋಗಿ ಇನ್ನೂರು ವರ್ಷದ ಮೇಲಾಯ್ತಮ್ಮ’ ಎಂದ ಗೈಡ್.

‘ಹೌದು. ಬರೀ ಕಾದ ಕಲ್ಲಿನ ವಾಸನೆ. ಅಭ್ಯಾಸ ಬಲ ಅಣ್ಣ’ ಎಂದು ಶುರುಮಾಡಿದಳು. ಬರ್ನೋದಿಂದ ದಾವಣಗೆರೆ-ದುರ್ಗದಷ್ಟೇ ದೂರದಲ್ಲಿ ವಾಲ್ಟಿಟ್ಸೆ ಅಂತ ಊರಿದೆ. ಲಿಕ್ಟನ್‌ಸ್ಟೈನ್ ಮನೆತನದ ಅರಮನೆ, 1945ರ ತನಕ ಅವರದ್ದೇ. ಅದರ ನೆಲಮಾಳಿಗೆಯಲ್ಲಿ ಪ್ರತಿ ವರ್ಷ ಇಡೀ ದೇಶದಿಂದ ಆರಿಸಿದ 100 ವೈನ್ ಇಡುತ್ತಾರೆ. ಟಿಕೆಟ್ ತೆಗೆದುಕೊಂಡರೆ ಕೈಗೊಂದು ಗ್ಲಾಸ್. ಆಡಿಸಬೇಕು, ಮೂಸಬೇಕು, ಆಮೇಲೆ ಒಂದು ಗುಟುಕು.

‘ಜಾಸ್ತಿ ರುಚಿ ನೋಡೋರು ಬಾಯಾಡಿಸಿ ಉಗೀತಾರೆ. ಅದಕ್ಕೂ ಪಾತ್ರೆ ಇಟ್ಟಿರ್ತಾರೆ.’

ಗೈಡ್ ನಡೆಯುತ್ತಿದ್ದವನು ನಿಂತ. ‘ದುಡ್ಡು ಕೊಟ್ಟು ತಗೊಂಡು ಉಗಿಯೋದಾ?’

‘ಹೂಂ.’

‘ಒಳ್ಳೇದನ್ನೂ?’

‘ಒಳ್ಳೇದನ್ನೂ.’

ಆಮೇಲೆ ಅವನ ವಿವರಣೆ ದಾರಿ ತಪ್ಪಿತು. ಅರಮನೆ ಜಾಗಕ್ಕೆ ಬಂದಾಗ 1779, ಹೈದರಾಲಿ, ಮದಕರಿ ನಾಯಕ ಎಂದು ಒಂದೇ ಉಸಿರಿಗೆ ಮುಗಿಸಿಬಿಟ್ಟ. ಅಲ್ಲಿ ಉಳಿದಿರುವುದು ಸೂರಿಲ್ಲದ ಮಣ್ಣಿನ ಗೋಡೆಗಳು. ಮಳೆ ಕೊರೆದ ಗೀರುಗಳಲ್ಲಿ ಬೆರಳು ಇಟ್ಟರೆ ಅರ್ಧ ಮುಳುಗುತ್ತದೆ. ದೊರೆ ಮಲಗಿದ ಕೋಣೆ ಯಾವುದೋ ತಿಳಿಯದು, ಎಣ್ಣೆ ತುಂಬಿದ ಗುಂಡಿ ಮಾತ್ರ ಗಟ್ಟಿಯಾಗಿದೆ. ಅದು ನನ್ನನ್ನು ಬಹಳ ಹೊತ್ತು ಕಾಡಿತು.

‘ವಾಲ್ಟಿಟ್ಸೆಯಲ್ಲಿ ಛಾವಣಿ, ಕನ್ನಡಿ, ಎಲ್ಲ ಹಾಗೇ ಇದೆ ಮಾಮ’ ಎಂದಳು. ‘ಆದ್ರೆ ಅಲ್ಲಿ ಗೋಡೆ ಮುಟ್ಟೋಕೆ ಬಿಡಲ್ಲ.’

ಇಳಿಯುವಾಗ ನಾನು ಚಪ್ಪಲಿ ಕೈಯಲ್ಲಿ ಹಿಡಿದಿದ್ದೆ. ಗೇಟಿನ ಹತ್ತಿರ ಗೈಡ್ ದುಡ್ಡು ಎಣಿಸಿ ಜೇಬಿಗಿಟ್ಟುಕೊಂಡ. ನಾಲ್ಕು ಹೆಜ್ಜೆ ಹೋದವನು ತಿರುಗಿ ಬಂದ.

‘ಅಮ್ಮ, ನೀವೂ ಉಗಿದ್ರಾ?’