ದೆಹಲಿಗೆ ಹೋಗಿ ಏನು ನೋಡಿದ್ರಿ?

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪಯ್ಯನ ಜೊತೆ ದೆಹಲಿಯ ಏಷ್ಯಾ 72 ಮೇಳಕ್ಕೆ ಹೋಗಿದ್ದೆ. ಇದು ಗೊತ್ತಾದ ಕೂಡಲೇ ಎಲ್ಲರದ್ದೂ ಒಂದೇ ಪ್ರಶ್ನೆ: ‘ನಮ್ಮೂರು ಸಾಗರದಿಂದ ಅಷ್ಟು ದೂರ ಹೋಗಿ ಏನು ನೋಡಿದ್ರಿ?’ ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆ ಇದನ್ನೇ ಓದಿ ಅನ್ನುತ್ತೇನೆ.

ಕಟ್ಟಡ ನೋಡಿದೆವು. ಅಷ್ಟೇ ಉತ್ತರ.

ಇಷ್ಟಕ್ಕೆ ಯಾರಿಗೂ ಸಮಾಧಾನ ಆಗುವುದಿಲ್ಲ. ‘ಅದಲ್ಲ, ಒಳಗೆ ಏನೇನಿತ್ತು? ಯಾವ್ಯಾವ ದೇಶದವರು ಬಂದಿದ್ರು?’ ಬಂದಿದ್ದರು. ಸ್ವಾತಂತ್ರ್ಯ ಬಂದು 25 ವರ್ಷವಾದ ನೆನಪಿಗೆ ಪ್ರಗತಿ ಮೈದಾನದಲ್ಲಿ ನಡೆದ ಅಂತರರಾಷ್ಟ್ರೀಯ ಮೇಳ ಅದು. ಆ ನವೆಂಬರಿನಲ್ಲಿ ಇಂದಿರಾ ಗಾಂಧಿ ಉದ್ಘಾಟನೆ ಮಾಡಿದ್ದರು. ಯಂತ್ರಗಳಿದ್ದವು, ಲೈಟುಗಳಿದ್ದವು, ಜನವೋ ಜನ. ಅದೆಲ್ಲ ಈಗ ಒಂದರೊಳಗೊಂದು ಕಲಸಿಹೋಗಿದೆ. ಕಟ್ಟಡ ಮಾತ್ರ ಕಣ್ಣಿಗೆ ಕಟ್ಟಿದ ಹಾಗಿದೆ.

ಹೋದ ವರ್ಷ ಒಂದು ಮದುವೆಮನೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತ ಹಿರಿಯರೊಬ್ಬರು ನಾಲ್ಕು ಜನರಿಗೆ ಕೇಳುವ ಹಾಗೆ ಅಂದರು, ‘ಅಲ್ಲ ತಂಗಿ, ಸೆಂಟ್ರಿಂಗ್ ಮೇಸ್ತ್ರಿಗೆ ದೆಹಲಿ ಯಾಕೆ ಬೇಕಿತ್ತು? ಆ ದುಡ್ಡಲ್ಲಿ ಮನೆಗೆ ಹಂಚಾದ್ರೂ ಹಾಕಿಸಬಹುದಿತ್ತು.’ ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ. ಅಪ್ಪಯ್ಯ ಸೆಂಟ್ರಿಂಗ್ ಮೇಸ್ತ್ರಿ, ಅಂದರೆ ಕಾಂಕ್ರೀಟು ಸುರಿಯಲಿಕ್ಕೆ ಹಲಗೆಯ ಅಚ್ಚು ಕಟ್ಟುವವನು. ನಮ್ಮದು ಆಗ ಸೋಗೆಯ ಮಾಡು, ನಿಜ. ಹಂಚನ್ನು ಆಮೇಲೆ ಅಪ್ಪಯ್ಯನೇ ಹಾಕಿಸಿದ. ಅದೇ ಸೆಂಟ್ರಿಂಗ್ ದುಡ್ಡಲ್ಲೇ ಹಾಕಿಸಿದ. ವಕೀಲರೋ ಮೇಷ್ಟ್ರೋ ಹೋಗಿ ಬಂದಿದ್ದರೆ ಆ ಹಿರಿಯರು ‘ಯಾಕೆ’ ಅಂತ ಕೇಳುತ್ತಿದ್ದರಾ? ನನಗೆ ಉರಿಯುವುದು ಆ ‘ಯಾಕೆ’ಗೆ.

ಯಾಕೆ ಅಂತ ಹೇಳುತ್ತೇನೆ, ಕೇಳಿ. ಅಪ್ಪಯ್ಯ ಕೆಲಸ ಕಲಿತದ್ದು ಶರಾವತಿ ಯೋಜನೆಯಲ್ಲಿ. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯುವ ಹೊತ್ತಿಗೆ ಅವನು ಪೂರಾ ಮೇಸ್ತ್ರಿ. ಕಾಂಕ್ರೀಟು ಗಟ್ಟಿ ವಸ್ತು ಅಂತ ಎಲ್ಲರೂ ತಿಳಿದಿದ್ದಾರೆ. ಸುರಿಯುವಾಗ ಅದು ಗಂಜಿ. ಅದಕ್ಕೆ ಆಕಾರ ಕೊಡುವುದು ಹಲಗೆ, ಮೊಳೆ, ಊರುಗೋಲು. ಹಲಗೆಯ ಸಂದಿ ಬಿಟ್ಟರೆ ಸಿಮೆಂಟಿನ ಹಾಲು ಸೋರಿಹೋಗಿ ಬರೀ ಜಲ್ಲಿ ಉಳಿಯುತ್ತದೆ. ಊರುಗೋಲು ಕುಸಿದರೆ ಜನ ಸಾಯುತ್ತಾರೆ. ಎಲ್ಲ ಸರಿಯಾಗಿ ಆಯಿತು ಅನ್ನಿ, ಆಗ ಸೆಂಟ್ರಿಂಗ್ ಬಿಚ್ಚಿ ಮುಂದಿನ ಕೆಲಸಕ್ಕೆ ಒಯ್ಯುತ್ತಾರೆ. ಅಲ್ಲಿ ಒಬ್ಬ ಮೇಸ್ತ್ರಿ ಇದ್ದ ಅನ್ನುವುದಕ್ಕೆ ಏನೂ ಉಳಿಯುವುದಿಲ್ಲ.

ಇಂಥವನಿಗೆ ಸೈಟಿನ ಇಂಜಿನಿಯರ್ ಒಬ್ಬರು ಹೇಳಿದ್ದರು: ದೆಹಲಿಯಲ್ಲಿ ಮೇಳಕ್ಕೆ ಅಂತ ಹಾಲ್ ಆಫ್ ನೇಷನ್ಸ್ ಕಟ್ಟಿದ್ದಾರೆ, ಒಳಗೆ ಒಂದೂ ಕಂಬ ಇಲ್ಲ, ಪೂರ್ತಿ ಕಾಂಕ್ರೀಟು. ವಾಸ್ತುಶಿಲ್ಪಿ ರಾಜ್ ರೇವಾಲ್, ಇಂಜಿನಿಯರ್ ಮಹೇಂದ್ರ ರಾಜ್. ಅಂಥ ಚೌಕಟ್ಟನ್ನು ಸಾಮಾನ್ಯವಾಗಿ ಉಕ್ಕಿನಲ್ಲಿ ಮಾಡುತ್ತಾರೆ. ನಮ್ಮಲ್ಲಿ ಆಗ ಉಕ್ಕು ದುಬಾರಿ, ಕೆಲಸದ ಕೈಗಳು ಬೇಕಾದಷ್ಟು. ಹಾಗಾಗಿ ಜಾಗದಲ್ಲೇ ಹಲಗೆ ಕಟ್ಟಿ, ಕೈಯಿಂದಲೇ ಕಾಂಕ್ರೀಟು ಹಾಕಿ ಎಬ್ಬಿಸಿದರು. ಇದನ್ನು ಕೇಳಿದ ಮೇಲೆ ಅಪ್ಪಯ್ಯನಿಗೆ ನಿದ್ದೆ ಬರಲಿಲ್ಲ ಅಂತ ಅಮ್ಮ ಹೇಳುತ್ತಿದ್ದಳು. ಅಮ್ಮನಿಗೆ ಮೈ ಹುಷಾರಿರಲಿಲ್ಲ, ನನ್ನನ್ನು ಕಟ್ಟಿಕೊಂಡು ಹೊರಟ. ಬೀರೂರಿನಲ್ಲಿ ರೈಲು ಬದಲಾಯಿಸಿದ್ದು ನೆನಪಿದೆ. ಆಮೇಲೆ ಬರೀ ನಿದ್ದೆ, ಹೊಗೆ, ಚಳಿ.

ಹಾಲ್ ಒಳಗೆ ಕಾಲಿಟ್ಟವಳೇ ಕೇಳಿದೆ, ‘ಅಪ್ಪಯ್ಯಾ, ಕಂಬ ಎಲ್ಲಿ?’

ಅವನ ಮುಖ ಅರಳಿದ್ದು ನೋಡಬೇಕಿತ್ತು. ‘ಅದನ್ನೇ ನೋಡಕ್ಕೆ ಬಂದಿದ್ದು ಮಗಾ!’ ಸುತ್ತಮುತ್ತಲಿನವರು ತಿರುಗಿ ನೋಡಿದರು. ಮಧ್ಯೆ 78 ಮೀಟರ್ ಜಾಗ ಖಾಲಿ. ಗೋಡೆ, ಮಾಡು ಎಲ್ಲ ಓರೆ ಕಾಂಕ್ರೀಟು ತೊಲೆಗಳು ಹೆಣೆದ ತ್ರಿಕೋನಗಳು. ಜನ ಮಳಿಗೆಗಳ ಕಡೆ ನುಗ್ಗುತ್ತಿದ್ದರು. ನಾವಿಬ್ಬರೂ ಒಂದು ಮೂಲೆಯಲ್ಲಿ ನಿಂತು ತಲೆ ಎತ್ತಿ ಮೇಲೆ ನೋಡುತ್ತಿದ್ದೆವು. ಅಪ್ಪಯ್ಯ ಒಂದು ತೊಲೆಯ ಮೇಲೆ ನನ್ನ ಅಂಗೈ ಇಡಿಸಿದ. ಒರಟಾಗಿತ್ತು. ಉಗುರಿನಿಂದ ಒಂದು ಗೆರೆ ತೋರಿಸಿ, ‘ಇದು ಹಲಗೆ ಕೂತ ಗುರುತು’ ಅಂದ. ಆಮೇಲೆ ತೊಲೆಗಳು ಬಂದು ಕೂಡುವ ಗಂಟಿನ ಕಡೆ ಕೈ ತೋರಿಸಿದ. ‘ಅಷ್ಟೂ ಕಂಬಿ ಅಲ್ಲಿ ಒಂದೇ ಕಡೆ ಬರ್ತದೆ. ಕಾಂಕ್ರೀಟು ಒಳಗೆ ಹ್ಯಾಗೆ ಇಳೀತು? ಸಣ್ಣ ಜಲ್ಲಿ ಹಾಕಿರ್ಬೇಕು. ಕಡ್ಡಿಯಿಂದ ಕುಟ್ಟಿ ಕುಟ್ಟಿ ಇಳಿಸಿರ್ಬೇಕು.’ ಇದೆಲ್ಲ ನನಗೆ ಹೇಳಿದ, ಮೂರನೇ ಕ್ಲಾಸಿನ ಹುಡುಗಿಗೆ. ಅರ್ಥ ಆಗಲಿಕ್ಕಿಲ್ಲ ಅಂತ ಬಿಟ್ಟುಬಿಡಲಿಲ್ಲ.

ಏನು ನೋಡಿದ್ರಿ ಅಂತ ಊರೆಲ್ಲ ಕೇಳಿತು. ನಿನ್ನ ಅಪ್ಪಯ್ಯ ಏನು ನೋಡಿದ ಅಂತ ಯಾರೂ ಕೇಳಲಿಲ್ಲ. ಅದನ್ನು ಕೇಳಿದ್ದರೆ ನಾನು ಒಂದು ದಿನಕ್ಕೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಗೊತ್ತಿಲ್ಲದ ಊರು, ಬಾರದ ಭಾಷೆ, ಆದರೂ ಅಲ್ಲಿ ಅವನು ತನ್ನಂಥವರ ಕೆಲಸ ನೋಡಿದ. ಹೆಸರು ಗೊತ್ತಿಲ್ಲದ ನೂರಾರು ಮೇಸ್ತ್ರಿಗಳು ಎಷ್ಟು ಕರಾರುವಾಕ್ಕಾಗಿ ಹಲಗೆ ಕಟ್ಟಿದ್ದಾರೆ ಅಂತ ನೋಡಿದ. ವಾಪಸು ಬಂದ ಮೇಲೆ ಕೆಲಸದ ಹುಡುಗರಿಗೆ ಗದರುವಾಗಲೂ ‘ದೆಹಲಿಯವರು ಮಾಡ್ತಾರೆ, ನಮ್ಗೆ ಯಾಕಾಗಲ್ಲ?’ ಅನ್ನುತ್ತಿದ್ದ.

2017ರ ಏಪ್ರಿಲ್‌ನಲ್ಲಿ ಆ ಹಾಲನ್ನು ರಾತ್ರೋರಾತ್ರಿ ಕೆಡವಿದರು. ಉಳಿಸಿ ಅಂತ ದೇಶ ವಿದೇಶದ ವಾಸ್ತುಶಿಲ್ಪಿಗಳು ಕೇಳಿಕೊಂಡಿದ್ದರು. ಕಟ್ಟಿ 45 ವರ್ಷ ಅಷ್ಟೇ ಆಗಿತ್ತು. ಅಪ್ಪಯ್ಯ ಅಷ್ಟರಲ್ಲಿ ಹೋಗಿಬಿಟ್ಟಿದ್ದ. ಅವನು ಇದನ್ನು ನೋಡಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಳ್ಳಿ ಅಂದರು ಕೆಲವರು. ನನಗೆ ಸಮಾಧಾನ ಆಗಿಲ್ಲ, ಆಗುವುದೂ ಇಲ್ಲ.

ಆ ಮೈದಾನದಲ್ಲಿ ಈಗ ಭಾರತ್ ಮಂಟಪಂ ಇದೆ. 2023ರಲ್ಲಿ ಜಿ20 ಸಭೆ ನಡೆದದ್ದು ಅಲ್ಲೇ. ತಮ್ಮನ ಮಗ ದೆಹಲಿಯಲ್ಲಿದ್ದಾನೆ, ‘ಬಾ ಅತ್ತೆ, ತೋರಿಸ್ತೀನಿ’ ಅಂತ ಕರೆಯುತ್ತಾನೆ. ಈ ಸಲ ಅಡಿಕೆ ಕೊಯ್ಲು ಮುಗಿದ ಮೇಲೆ ಹೋಗುತ್ತೇನೆ. ಹೋದವಳು ಮೊದಲು ಕೇಳುವುದು ಇದರ ಸೆಂಟ್ರಿಂಗ್ ಯಾರು ಮಾಡಿದ್ದು ಅಂತ.